ಕ್ಯಾನ್ಸರ್ ಚಿಕಿತ್ಸೆ ನಂತರ ಮನೆಯಲ್ಲೇ ಚೇತರಿಕೆ: ಫೋನ್‌ನ ಆ ಕಡೆ ಯಾರಿದ್ದಾರೆ?

‘ಅಮ್ಮನಿಗೆ ಕೀಮೋ ನಡೀತಿದೆ, ಅವರ ಫೋನಿಗೆ ಯಾವ ಆ್ಯಪ್ ಹಾಕಿಕೊಡಲಿ?’ ಅಂತ ಕೇಳುಗರೊಬ್ಬರು ಕೇಳಿದ್ದಾರೆ. ನಾನು ಆ್ಯಪ್ ಹೆಸರು ಹೇಳಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಅಮ್ಮ ಅದರಲ್ಲಿ ‘ತುಂಬಾ ನೋವು’ ಅಂತ ಒತ್ತಿದರೆ, ಆ ಕಡೆ ಓದೋರು ಯಾರು?

ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡಾ. ಈಥನ್ ಬಾಷ್ ತಂಡ ಒಂದು ಅಧ್ಯಯನ ಮಾಡಿತ್ತು. ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿ, ಕೀಮೋ ತಗೊಳ್ತಿದ್ದ 766 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದು ಗುಂಪಿನವರು ವಾಕರಿಕೆ, ಸುಸ್ತು, ನೋವು, ಉಸಿರಾಟದ ತೊಂದರೆ ಥರದ 12 ಲಕ್ಷಣಗಳನ್ನು ವೆಬ್‌ನಲ್ಲಿ ಗುರುತು ಹಾಕಬೇಕು. ಮನೆಯಿಂದ ಹಾಕಿದ್ದರಲ್ಲಿ ಏನಾದರೂ ಜೋರಾಗಿ ಕಂಡರೆ ತಕ್ಷಣ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು.

ಫಲಿತಾಂಶ 2017ರಲ್ಲಿ ಬಂತು. ಮಾಮೂಲಿ ಗುಂಪಿನ ಅರ್ಧದಷ್ಟು ಜನ 26 ತಿಂಗಳಿಗಿಂತ ಹೆಚ್ಚು ಬದುಕಿದ್ದರು. ಗುರುತು ಹಾಕಿದ ಗುಂಪಿನಲ್ಲಿ ಅದು 31.2 ತಿಂಗಳು. ಐದು ತಿಂಗಳ ವ್ಯತ್ಯಾಸ, ಅದೂ ಹೊಸ ಔಷಧಿಯೇನೂ ಇಲ್ಲದೆ! ಈ ಗುಂಪಿನವರು ಕೀಮೋವನ್ನೂ ಹೆಚ್ಚು ಕಾಲ ತಡೆದುಕೊಂಡರು. ವಾಕರಿಕೆಗೆ ಬೇಗ ಮಾತ್ರೆ ಸಿಕ್ಕಿದರೆ ಊಟ ಸೇರುತ್ತೆ, ಮೈಯಲ್ಲಿ ಶಕ್ತಿ ಉಳಿಯುತ್ತೆ, ಅಷ್ಟೇ ತಾನೆ.

ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಕಂಪ್ಯೂಟರ್ ಅಭ್ಯಾಸವೇ ಇಲ್ಲದವರು ಆಸ್ಪತ್ರೆಗೆ ಬಂದಾಗ ಅಲ್ಲೇ ಗುರುತು ಹಾಕಿದರು. ಹೆಚ್ಚಿನ ಅಳತೆಗಳಲ್ಲಿ ಜಾಸ್ತಿ ಲಾಭ ಆದದ್ದು ಅವರಿಗೇ. ಹಾಗಾಗಿ ‘ನಮ್ಮಮ್ಮನಿಗೆ ಇದೆಲ್ಲಾ ಬರಲ್ಲ’ ಅಂತ ಕೈಬಿಡಬೇಡಿ. ನೀವೇ ಪಕ್ಕ ಕೂತು ಕೇಳಿ, ಒತ್ತಿ.

ಇನ್ನು ವ್ಯಾಯಾಮದ ವಿಷಯ. ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ ಭುಜ ಬಿಗಿಯುತ್ತೆ. ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟಮೇಲೆ ಎಷ್ಟೋ ಜನರಿಗೆ ತುತ್ತು ಇಡುವಷ್ಟೂ ಬಾಯಿ ತೆರೆಯಲ್ಲ. ದಿನಾ ವ್ಯಾಯಾಮ ಬೇಕು, ತಿಂಗಳುಗಟ್ಟಲೆ. ಬೀದರ್‌ನಿಂದ ಬೆಂಗಳೂರಿನ ಕಿದ್ವಾಯಿಗೆ ಬಂದವರು ಪ್ರತಿ ವಾರ ಫಿಸಿಯೋಥೆರಪಿಗೆ ಅಂತ ರಾತ್ರಿ ಬಸ್ ಹತ್ತೋಕಾಗುತ್ತಾ? ವಿಡಿಯೊ ಕಾಲ್‌ನಲ್ಲಿ ಕೈ ಎಲ್ಲಿವರೆಗೆ ಏಳುತ್ತೆ, ಬಾಯಿ ಎಷ್ಟು ಬೆರಳು ತೆರೆಯುತ್ತೆ ಅಂತ ಫಿಸಿಯೋಥೆರಪಿಸ್ಟ್ ನೋಡಬಹುದು.

ವಿಡಿಯೊನೂ ಬೇಡ ಅನ್ನಿ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2019ರಲ್ಲಿ ಪ್ರಕಟಿಸಿದ, 516 ರೋಗಿಗಳ ಅಧ್ಯಯನದಲ್ಲಿ ಬಳಸಿದ್ದು ಬರೀ ಫೋನ್ ಕರೆ, ಹೆಜ್ಜೆ ಎಣಿಸೋ ಪೆಡೋಮೀಟರ್, ಮನೆಯಲ್ಲೇ ಮಾಡೋ ವ್ಯಾಯಾಮ. ಕಾಯಿಲೆ ತುಂಬಾ ಮುಂದುವರಿದಿದ್ದರೂ ಓಡಾಟ ಸುಧಾರಿಸಿತು, ನೋವು ಇಳಿಯಿತು.

ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ ಬಿಲ್ ಕಟ್ಟೋಕೆ ಮುಂಚೆ ವಾರ್ಡ್‌ನಲ್ಲೇ ಕೇಳಿಬಿಡಿ: ವಾಟ್ಸಾಪ್‌ನಲ್ಲಿ ಫೋಟೊ ಕಳಿಸಬಹುದಾ? ಭಾನುವಾರ, ರಾತ್ರಿ ಹೊತ್ತು ಯಾರು ನೋಡ್ತಾರೆ? ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ್ಯಪ್ ತೆರೆದು ಉತ್ತರಕ್ಕೆ ಕಾಯಬೇಡಿ. ನೇರ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ.