ಒಂದು ಅಕ್ಕಿಕಾಳಿನ ಮೂರು ಸಾವಿರದಲ್ಲೊಂದು ಪಾಲು

ಐದು ನ್ಯಾನೋಮೋಲ್ ಎಂದರೆ ಎಷ್ಟು? ಒಂದು ಲೀಟರ್ ರಕ್ತದಲ್ಲಿ ಅಷ್ಟು ಟೆಸ್ಟೋಸ್ಟೆರಾನ್ ಇದ್ದರೆ ಅದರ ತೂಕ ಒಂದೂವರೆ ಮೈಕ್ರೋಗ್ರಾಮನ್ನೂ ಮುಟ್ಟುವುದಿಲ್ಲ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ. ವಯಸ್ಕ ಹೆಣ್ಣಿನ ಮೈಯಲ್ಲಿ ಹರಿಯುವ ನಾಲ್ಕೂವರೆ ಲೀಟರ್ ರಕ್ತಕ್ಕೆಲ್ಲ ಲೆಕ್ಕ ಹಾಕಿದರೂ ಅದು ಆರೂವರೆ ಮೈಕ್ರೋಗ್ರಾಂ ದಾಟದು. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಆ ಕಾಳನ್ನು ಮೂರು ಸಾವಿರ ಚೂರು ಮಾಡಿ ಒಂದು ಚೂರನ್ನು ಎತ್ತಿಟ್ಟರೆ ಎಷ್ಟೋ, ಅಷ್ಟು.

2019ರ ಮೇ ತಿಂಗಳಿನಿಂದ ಜಗತ್ತಿನ ಕೆಲವು ಓಟಗಾರ್ತಿಯರ ಬದುಕು ಈ ಚೂರಿನ ಮೇಲೆ ನಿಂತಿತು. ಹುಟ್ಟಿನಿಂದಲೇ ದೇಹದ ಲೈಂಗಿಕ ಬೆಳವಣಿಗೆಯಲ್ಲಿ ವ್ಯತ್ಯಾಸವಿರುವ, ಅಂದರೆ ಎಕ್ಸ್‌ವೈ ವರ್ಣತಂತು ಹೊತ್ತು ಹೆಣ್ಣಾಗಿಯೇ ಬೆಳೆದ ಕ್ರೀಡಾಪಟುಗಳಿಗೆ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ಒಂದು ಷರತ್ತು ಹಾಕಿತು: ರಕ್ತದ ಟೆಸ್ಟೋಸ್ಟೆರಾನನ್ನು ಲೀಟರಿಗೆ 5 ನ್ಯಾನೋಮೋಲ್‌ಗಿಂತ ಕೆಳಗಿಳಿಸಿ, ಆರು ತಿಂಗಳು ಅಲ್ಲೇ ಇರಿಸಿ, ಆಮೇಲೆ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಬನ್ನಿ. ಇಳಿಸುವುದು ಹೇಗೆ? ಗರ್ಭನಿರೋಧಕ ಮಾತ್ರೆ, ತಿಂಗಳ ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ. ಕಾಯಿಲೆ ಇಲ್ಲದ ದೇಹಕ್ಕೆ ಚಿಕಿತ್ಸೆ!

ಆ 5 ಎಂಬ ಅಂಕಿ ಎಲ್ಲಿಂದ ಬಂತು ಎಂದು ಹಿಂದೆ ಹೋದರೆ ಅಚ್ಚರಿ ಹೆಚ್ಚುತ್ತದೆ. 2011ರಲ್ಲಿ ಗೆರೆ ಇದ್ದದ್ದು 10ರಲ್ಲಿ. 2015ರಲ್ಲಿ ನಿಯಮಕ್ಕೇ ತಡೆ ಬಿತ್ತು, ಗೆರೆ ಮಾಯವಾಯಿತು. 2018ರಲ್ಲಿ ಅದು 5 ಆಗಿ ಮರಳಿತು. 2023ರ ಮಾರ್ಚ್‌ನಲ್ಲಿ 2.5ಕ್ಕೆ ಇಳಿಯಿತು, ಕಾಯುವ ಅವಧಿ 6 ತಿಂಗಳಿಂದ 24 ತಿಂಗಳಾಯಿತು, ಎಲ್ಲ ಸ್ಪರ್ಧೆಗಳಿಗೂ ಅನ್ವಯವಾಯಿತು. ಸಂಸ್ಥೆಯೇ ಕೊಟ್ಟ ಲೆಕ್ಕದಲ್ಲಿ ಸಾಮಾನ್ಯ ಹೆಂಗಸರಲ್ಲಿ ಈ ಹಾರ್ಮೋನು 0.06ರಿಂದ 1.68, ಗಂಡಸರಲ್ಲಿ 7.7ರಿಂದ 29.4 ನ್ಯಾನೋಮೋಲ್. ಹನ್ನೆರಡು ವರ್ಷಗಳಲ್ಲಿ ಮನುಷ್ಯರ ರಕ್ತ ಬದಲಾಗಲಿಲ್ಲ. ಗೆರೆ ಮಾತ್ರ ಕಾಲು ಭಾಗಕ್ಕೆ ಇಳಿಯಿತು.

ತೂಕದಲ್ಲಿ ಇಷ್ಟು ಸಣ್ಣದಾದ ಈ ವಸ್ತುವನ್ನು ಅಣುಗಳಲ್ಲಿ ಎಣಿಸಿದರೆ ಚಿತ್ರವೇ ತಿರುಗುತ್ತದೆ. 5 ನ್ಯಾನೋಮೋಲ್‌ನಲ್ಲಿರುವುದು ಸುಮಾರು ಮೂರು ಸಾವಿರ ಲಕ್ಷ ಕೋಟಿ ಅಣುಗಳು. 3ರ ಮುಂದೆ 15 ಸೊನ್ನೆ. ಆದರೆ ಆ ಅಣುಗಳು ತಾವಾಗಿ ಏನನ್ನೂ ಮಾಡಲಾರವು. ಜೀವಕೋಶದೊಳಗೆ ಅವನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನು ಇರಬೇಕು, ಅದು ಸರಿಯಾಗಿ ಕೆಲಸ ಮಾಡಬೇಕು. ಕೆಲವರಲ್ಲಿ ಆ ಗ್ರಾಹಕ ಅರ್ಧಂಬರ್ಧ ಕೆಲಸ ಮಾಡುತ್ತದೆ. ಕೆಲವರಲ್ಲಿ ಒಂದಿಷ್ಟೂ ಮಾಡುವುದಿಲ್ಲ. ಅಂಥವರ ರಕ್ತದಲ್ಲಿ ಹಾರ್ಮೋನು ಹೊಳೆಯಾಗಿ ಹರಿದರೂ ಸ್ನಾಯುವಿಗೆ ಒಂದು ಹನಿಯೂ ದಕ್ಕದು. ರಕ್ತದ ಅಂಕಿ ಇರುವುದನ್ನು ಹೇಳುತ್ತದೆ, ದಕ್ಕಿದ್ದನ್ನು ಹೇಳುವುದಿಲ್ಲ.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಇದಕ್ಕೆ ಬೆಲೆ ತೆತ್ತವಳು. 1985ರಲ್ಲಿ ಜಪಾನಿನ ಕೋಬೆಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆಕೆಯ ವರ್ಣತಂತು ಎಕ್ಸ್‌ವೈ ಎಂದು ಬಂತು. ಆಕೆಯ ಗ್ರಾಹಕ ಕೆಲಸ ಮಾಡುತ್ತಿರಲಿಲ್ಲ. ಟೆಸ್ಟೋಸ್ಟೆರಾನ್‌ನಿಂದ ಆಕೆಗೆ ಸಿಕ್ಕ ಲಾಭ ಸೊನ್ನೆ. ಆದರೂ ದಾಖಲೆ, ವಿದ್ಯಾರ್ಥಿವೇತನ, ವಾಸದ ಜಾಗ ಎಲ್ಲ ಹೋದವು. ಸುದ್ದಿ ಪತ್ರಿಕೆಗೂ ಹೋಯಿತು. ಮೂರು ವರ್ಷ ಹೋರಾಡಿ 1988ರಲ್ಲಿ ಅರ್ಹತೆಯನ್ನು ಮರಳಿ ಪಡೆದಳು. ಓಟಗಾರ್ತಿಗೆ ಮೂರು ವರ್ಷವೆಂದರೆ ಅರ್ಧ ಆಯಸ್ಸು.

ಪರೀಕ್ಷೆಯ ಚರಿತ್ರೆಯೇ ವಿಚಿತ್ರ. 1966ರ ಬುಡಾಪೆಸ್ಟ್ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಹೆಣ್ಣುಮಕ್ಕಳನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿ ನೋಡಿದರು. 1968ರಿಂದ ಒಲಿಂಪಿಕ್ಸ್‌ನಲ್ಲಿ ಕೆನ್ನೆಯ ಒಳಭಾಗದ ಜೀವಕೋಶ ಕೆರೆದು ವರ್ಣತಂತು ನೋಡುವ ಪದ್ಧತಿ ಬಂತು. 1992ರಲ್ಲಿ ವೈ ವರ್ಣತಂತುವಿನ ‘ಎಸ್‌ಆರ್‌ವೈ’ ಎಂಬ ಒಂದೇ ಜೀನನ್ನು ಹುಡುಕುವ ಪರೀಕ್ಷೆ ಶುರುವಾಯಿತು. 1996ರ ಅಟ್ಲಾಂಟಾದಲ್ಲಿ 3387 ಮಹಿಳೆಯರನ್ನು ಹೀಗೆ ಪರೀಕ್ಷಿಸಿದರು. ಜೀನ್ ಸಿಕ್ಕಿದ್ದು 8 ಮಂದಿಯಲ್ಲಿ. ಹೆಚ್ಚಿನ ತಪಾಸಣೆಯ ನಂತರ ಆ ಎಂಟೂ ಜನರಿಗೆ ಸ್ಪರ್ಧಿಸಲು ಅನುಮತಿ ಸಿಕ್ಕಿತು. ವೇಷ ಮರೆಸಿಕೊಂಡು ಬಂದ ಗಂಡಸು ಒಬ್ಬನೂ ಸಿಗಲಿಲ್ಲ. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರಿಗೂ ಪರೀಕ್ಷೆ ಎಂಬ ಪದ್ಧತಿಯನ್ನೇ ಕೈಬಿಟ್ಟಿತು.

ಕೈಬಿಟ್ಟ ಮೇಲೆ ಉಳಿದದ್ದು ಅನುಮಾನ. ನೋಟದಲ್ಲಿ, ಗೆಲುವಿನ ಅಂತರದಲ್ಲಿ ಯಾರ ಮೇಲೆ ಕಣ್ಣು ಬಿತ್ತೋ ಅವರಿಗೆ ಮಾತ್ರ ಪರೀಕ್ಷೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ಪದಕ ಕಳೆದುಕೊಂಡದ್ದು ಹೀಗೆ. ಇಟ್ಟಿಗೆ ಗೂಡಿನ ಕೂಲಿಕಾರರ ಮಗಳು. ಪದಕ ಹೋದ ಮೇಲೆ ತಾನೂ ಇಟ್ಟಿಗೆ ಗೂಡಿಗೆ ಕೂಲಿಗೆ ಹೋದಳು. ದೋಹಾದಲ್ಲಿ ಆಕೆ ಓಡಿದ್ದು 2 ನಿಮಿಷ 3 ಸೆಕೆಂಡಿನ ಆಸುಪಾಸು. ಮಹಿಳೆಯರ ವಿಶ್ವದಾಖಲೆ 1983ರಿಂದ 1 ನಿಮಿಷ 53.28 ಸೆಕೆಂಡಿನಲ್ಲಿ ನಿಂತಿದೆ. ‘ಗಂಡಸಿನ ಬಲ’ ಇದೆ ಎನ್ನಲಾದ ಹುಡುಗಿ ಹೆಂಗಸರ ದಾಖಲೆಗಿಂತ ಹತ್ತಿರ ಹತ್ತಿರ ಹತ್ತು ಸೆಕೆಂಡು ಹಿಂದಿದ್ದಳು!

ಎಂಟು ವರ್ಷಗಳ ನಂತರ ಸರದಿ ಒಡಿಶಾದ ದ್ಯುತಿ ಚಂದ್ ಪಾಲಿಗೆ ಬಂತು. ನೇಕಾರರ ಮಗಳು, 18ರ ವಯಸ್ಸು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ಹೊತ್ತಿಗೆ ತಂಡದಿಂದ ಹೊರಬಿದ್ದಳು. ಔಷಧ ತೆಗೆದುಕೊಳ್ಳಲು ಒಪ್ಪದೆ, ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಯ ಬಾಗಿಲು ತಟ್ಟಿದಳು. 2015ರ ಜುಲೈಯಲ್ಲಿ ಬಂದ ತೀರ್ಪಿನ ತಿರುಳು ಎರಡು ಅಂಕಿಗಳಲ್ಲಿದೆ. ಗಂಡು ಹೆಣ್ಣಿನ ಸಾಧನೆಯ ನಡುವಿನ ಅಂತರ ಶೇ 10ರಿಂದ 12. ಹೆಚ್ಚು ಟೆಸ್ಟೋಸ್ಟೆರಾನ್ ಇರುವ ಹೆಣ್ಣಿಗೆ ಉಳಿದ ಹೆಣ್ಣುಮಕ್ಕಳಿಗಿಂತ ಸಿಗುವ ಅನುಕೂಲದ ಬಗ್ಗೆ ಮಂಡಳಿಯ ಮುಂದೆ ಬಂದ ಅಂದಾಜು ಶೇ 1ರಿಂದ 3ರ ಆಚೆ ಹೋಗಲಿಲ್ಲ. ಹತ್ತರ ಅಂತರ ಕಾಯಲು ಹಾಕಿದ ಬೇಲಿಯನ್ನು ಮೂರಕ್ಕೆ ಬಳಸಬಹುದೇ? ಮಂಡಳಿ ನಿಯಮವನ್ನು ಅಮಾನತಿನಲ್ಲಿಟ್ಟಿತು. ಎರಡು ವರ್ಷ ಸಮಯ ಕೊಡುತ್ತೇವೆ, ಸಾಕ್ಷ್ಯ ತನ್ನಿ ಎಂದಿತು.

ಸಾಕ್ಷ್ಯ 2017ರಲ್ಲಿ ಬಂತು. ಸಂಸ್ಥೆಗೆ ಸೇರಿದ ವೈದ್ಯರೇ ಬರೆದ ಪ್ರಬಂಧ. 2011 ಮತ್ತು 2013ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಗಂಡಸರು ಹೆಂಗಸರ ಒಟ್ಟು 2127 ಪ್ರದರ್ಶನಗಳನ್ನು ಹಾರ್ಮೋನಿನ ಮಟ್ಟದ ಪಕ್ಕ ಇಟ್ಟು ನೋಡಿದರು. ಮಹಿಳೆಯರ ಐದು ಸ್ಪರ್ಧೆಗಳಲ್ಲಿ ಹಾರ್ಮೋನು ಹೆಚ್ಚಿದ್ದವರು ಮುಂದಿದ್ದರು: ಹ್ಯಾಮರ್ ಎಸೆತದಲ್ಲಿ ಶೇ 4.53, ಪೋಲ್‌ವಾಲ್ಟ್‌ನಲ್ಲಿ 2.94, 400 ಮೀಟರ್ ಹರ್ಡಲ್ಸ್‌ನಲ್ಲಿ 2.78, 400 ಮೀಟರಿನಲ್ಲಿ 2.73, 800 ಮೀಟರಿನಲ್ಲಿ 1.78. ಈಗ ನಿಯಮ ಯಾವುದಕ್ಕೆ ಬಂತು ನೋಡಿ. ಮೊದಲೆರಡು ಸ್ಥಾನದಲ್ಲಿದ್ದ ಹ್ಯಾಮರ್, ಪೋಲ್‌ವಾಲ್ಟ್ ಎರಡನ್ನೂ ಬಿಟ್ಟರು. ಪಟ್ಟಿಯಲ್ಲೇ ಇಲ್ಲದ 1500 ಮೀಟರ್ ಮತ್ತು ಮೈಲಿ ಓಟವನ್ನು ಸೇರಿಸಿದರು. 2021ರಲ್ಲಿ ಅದೇ ವೈದ್ಯರು ಅದೇ ನಿಯತಕಾಲಿಕದಲ್ಲಿ ತಿದ್ದುಪಡಿ ಪ್ರಕಟಿಸಿ, ತಮ್ಮ ಅಧ್ಯಯನ ಹಾರ್ಮೋನೇ ಕಾರಣವೆಂದು ಸಾಬೀತು ಮಾಡುವುದಿಲ್ಲ, ಅದು ಪ್ರಾಥಮಿಕ ಹುಡುಕಾಟವಷ್ಟೇ ಎಂದು ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಟೋಕಿಯೊ ಒಲಿಂಪಿಕ್ಸ್ ಮುಗಿದಿತ್ತು.

ಎದುರು ಪಕ್ಷದ ಅಂಕಿಗಳನ್ನೂ ಮುಂದಿಡಬೇಕು. ಸಂಸ್ಥೆಯ ಲೆಕ್ಕದಂತೆ ಉನ್ನತ ಮಟ್ಟದ ಮಹಿಳಾ ಅಥ್ಲೀಟುಗಳಲ್ಲಿ ಸಾವಿರಕ್ಕೆ ಏಳು ಮಂದಿಯಲ್ಲಿ ಇಂಥ ವ್ಯತ್ಯಾಸವಿದೆ. ಜನಸಾಮಾನ್ಯರಲ್ಲಿರುವುದರ ಸುಮಾರು 140 ಪಟ್ಟು. 2016ರ ರಿಯೋ ಒಲಿಂಪಿಕ್ಸ್‌ನ 800 ಮೀಟರ್ ಪದಕ ವೇದಿಕೆಯಲ್ಲಿ ನಿಂತ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ, ಬುರುಂಡಿಯ ಫ್ರಾನ್ಸಿನ್ ನಿಯೊನ್ಸಾಬಾ, ಕೆನ್ಯಾದ ಮಾರ್ಗರೆಟ್ ವಂಬುಯಿ ಮೂವರೂ ಮುಂದೆ ಈ ನಿಯಮಕ್ಕೆ ಸಿಕ್ಕವರೇ. ಇದು ಕಾಕತಾಳೀಯ ಎಂದು ತಳ್ಳಿಹಾಕಲಾಗದು. ನಾಲ್ಕನೆಯವಳಾಗಿ ಬಂದವಳೂ ಹತ್ತಾರು ವರ್ಷ ಬೆವರು ಹರಿಸಿದವಳೇ, ಅವಳ ಪ್ರಶ್ನೆಗೂ ಉತ್ತರ ಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಿಭಾಗ ಇರಬೇಕಾದರೆ ಗೆರೆ ಎಲ್ಲಾದರೂ ಇರಲೇಬೇಕು.

ಆದರೆ ಸೆಮೆನ್ಯಾ ಎಷ್ಟು ವೇಗಿ? 2009ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 18ರ ಹುಡುಗಿ 1 ನಿಮಿಷ 55.45 ಸೆಕೆಂಡಿನಲ್ಲಿ ಗುರಿ ಮುಟ್ಟಿದಾಗ ಎರಡನೆಯವಳು 2.45 ಸೆಕೆಂಡು ಹಿಂದಿದ್ದಳು. ಆಕೆಯ ಜೀವಮಾನದ ಶ್ರೇಷ್ಠ ಓಟ 2018ರ 1 ನಿಮಿಷ 54.25. ಮಹಿಳಾ ವಿಶ್ವದಾಖಲೆಗೆ ಇನ್ನೂ 0.97 ಸೆಕೆಂಡು ಬಾಕಿ. ಕೆನ್ಯಾದ ಡೇವಿಡ್ ರುಡಿಶಾನ ಪುರುಷರ ದಾಖಲೆ 1 ನಿಮಿಷ 40.91, ಅಲ್ಲಿಗೆ 13.34 ಸೆಕೆಂಡು ದೂರ. ಕ್ರೀಡೆಯ ಅಳತೆಗೋಲು ಗಡಿಯಾರವೇ ಆದರೆ, ಅದು ಆಕೆಯನ್ನು ಯಾರ ಸಾಲಿನಲ್ಲಿ ನಿಲ್ಲಿಸುತ್ತದೆ ಎಂಬುದು ಸ್ಪಷ್ಟ.

ಈ 800 ಮೀಟರ್ ಓಟಕ್ಕೂ ಒಂದು ಹಳೆಯ ಕಥೆ ಇದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳು ಅದನ್ನು ಮೊದಲ ಬಾರಿ ಓಡಿದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದಳು. ಕೆಲವರು ಸುಸ್ತಾಗಿ ಕುಸಿದರೆಂದು ಪತ್ರಿಕೆಗಳು ಬೊಬ್ಬೆ ಹೊಡೆದವು. ಹೆಣ್ಣಿಗೆ ಅಷ್ಟು ಶಕ್ತಿ ಇಲ್ಲವೆಂದು ಅಧಿಕಾರಿಗಳು ಓಟವನ್ನೇ ತೆಗೆದುಹಾಕಿದರು. ಅದು ಮರಳಿದ್ದು 1960ರ ರೋಮ್‌ನಲ್ಲಿ, 32 ವರ್ಷಗಳ ನಂತರ. ಒಂದೇ ಓಟದಲ್ಲಿ ಒಮ್ಮೆ ಹೆಣ್ಣಿಗೆ ಬಲ ಸಾಲದು ಎಂದರು, ಇನ್ನೊಮ್ಮೆ ಬಲ ಅತಿಯಾಯಿತು ಎಂದರು. ಎರಡು ಸಲವೂ ಹೊರಗೆ ನಿಂತವಳು ಓಟಗಾರ್ತಿ.

ಸೆಮೆನ್ಯಾ ಔಷಧ ಬೇಡವೆಂದು ಕೋರ್ಟು ಹತ್ತಿದಳು. 2019ರ ಮೇ 1ರಂದು ಕ್ರೀಡಾ ನ್ಯಾಯಮಂಡಳಿ, ನಿಯಮ ತಾರತಮ್ಯದ್ದೇ ಹೌದು, ಆದರೂ ಅಗತ್ಯ ಎಂದಿತು; 2–1ರ ಬಹುಮತ. 2023ರ ಜುಲೈಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಗೆ ತಾರತಮ್ಯದ ವಿರುದ್ಧ ರಕ್ಷಣೆ ಸಿಗಲಿಲ್ಲವೆಂದಿತು, 4–3. ಒಂದೊಂದು ಮತ ಅತ್ತಿತ್ತ ಆಗಿದ್ದರೆ ಎರಡೂ ತೀರ್ಪು ತಲೆಕೆಳಗು. 2025ರ ಜುಲೈ 10ರಂದು ಅದೇ ನ್ಯಾಯಾಲಯದ ಮಹಾಪೀಠ 15–2ರಿಂದ ಹೇಳಿದ್ದು: ಸ್ವಿಟ್ಜರ್ಲೆಂಡಿನಲ್ಲಿ ಆಕೆಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ. ವೆಚ್ಚಕ್ಕೆಂದು 80 ಸಾವಿರ ಯೂರೊ ಕೊಡಿಸಿತು. ತಾರತಮ್ಯದ ಪ್ರಶ್ನೆಗೆ ಮಹಾಪೀಠ ಕೈಹಾಕಲಿಲ್ಲ. ಅಷ್ಟರಲ್ಲಿ ಎರಡು ಒಲಿಂಪಿಕ್ ಚಿನ್ನದ ಒಡತಿಗೆ ಕೊನೆಯ 800 ಮೀಟರ್ ಓಟ ಮುಗಿದು ಆರು ವರ್ಷವಾಗಿತ್ತು.

ಕೋರ್ಟಿಗೆ ಹೋಗಲಾಗದವರ ಲೆಕ್ಕ ಇನ್ನೂ ಘೋರ. 2013ರಲ್ಲಿ ಫ್ರಾನ್ಸಿನ ವೈದ್ಯರು ತಾವೇ ಪ್ರಕಟಿಸಿದ ವರದಿಯೊಂದರಲ್ಲಿ ನಾಲ್ವರು ಓಟಗಾರ್ತಿಯರಿದ್ದಾರೆ. ಬಡ ದೇಶಗಳ ಹಳ್ಳಿಗಾಡಿನ ಹುಡುಗಿಯರು, 18ರಿಂದ 21ರ ಪ್ರಾಯ. ದೇಹದೊಳಗಿನ ವೃಷಣಗಳನ್ನು ಹಾಗೇ ಬಿಟ್ಟರೆ ಆರೋಗ್ಯಕ್ಕೆ ಅಪಾಯವಿಲ್ಲವೆಂದು ಬರೆಯುತ್ತಲೇ ಅವನ್ನು ಕತ್ತರಿಸಿ ತೆಗೆದರು. ಓಟಕ್ಕೆ ಯಾವ ಸಂಬಂಧವೂ ಇಲ್ಲದ ಜನನಾಂಗದ ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಆ ನಾಲ್ವರ ಹೆಸರು ವರದಿಯಲ್ಲಿಲ್ಲ. 2019ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಇಂಥ ನಿಯಮಗಳ ವಿರುದ್ಧ ನಿರ್ಣಯ ಅಂಗೀಕರಿಸಿದ್ದರ ಹಿಂದೆ ಈ ಚರಿತ್ರೆ ಇದೆ.

ಹುಟ್ಟಿನಿಂದ ಬಂದ ಅನುಕೂಲವೇ ಅಪರಾಧವಾದರೆ ಫಿನ್ಲೆಂಡಿನ ಈರೊ ಮ್ಯಾಂಟಿರಾಂಟಾನನ್ನು ಏನು ಮಾಡುವುದು? 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 15 ಕಿಲೋಮೀಟರ್ ಸ್ಕೀಯಿಂಗನ್ನು ಆತ 40 ಸೆಕೆಂಡು ಅಂತರದಿಂದ ಗೆದ್ದ. ಒಟ್ಟು ಏಳು ಒಲಿಂಪಿಕ್ ಪದಕ. ವಂಶದಲ್ಲಿ ಬಂದ ಒಂದೇ ಜೀನಿನ ವ್ಯತ್ಯಾಸದಿಂದ ಆತನ ರಕ್ತ ಎಲ್ಲರಿಗಿಂತ ಬಹಳ ಹೆಚ್ಚು ಕೆಂಪುಕಣಗಳನ್ನು, ಅಂದರೆ ಆಮ್ಲಜನಕವನ್ನು ಹೊತ್ತು ಓಡಾಡುತ್ತಿತ್ತು. ಅದು ಗೊತ್ತಾದ ಮೇಲೂ ಪದಕಗಳು ಆತನವೇ. ರಕ್ತ ತಿಳಿ ಮಾಡಿಕೊಂಡು ಬಾ ಎಂದು ಯಾರೂ ಹೇಳಲಿಲ್ಲ.

2025ರ ಸೆಪ್ಟೆಂಬರ್ 1ರಿಂದ ಗೆರೆ ಮತ್ತೆ ಜಾಗ ಬದಲಿಸಿದೆ. ಹಾರ್ಮೋನು ಹಿಂದೆ ಸರಿದಿದೆ, ಜೀನ್ ಮುಂದೆ ಬಂದಿದೆ. ವಿಶ್ವಮಟ್ಟದಲ್ಲಿ ಸ್ಪರ್ಧಿಸುವ ಪ್ರತಿ ಮಹಿಳೆಯೂ ಜೀವಮಾನದಲ್ಲೊಮ್ಮೆ ಕೆನ್ನೆಯ ಜೀವಕೋಶ ಅಥವಾ ರಕ್ತ ಕೊಟ್ಟು ಎಸ್‌ಆರ್‌ವೈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪಟಿನ್ಯೊಳಂತೆ ಗ್ರಾಹಕ ಪೂರ್ತಿ ಕೆಲಸ ಮಾಡದವರಿಗೆ ವಿನಾಯಿತಿ ಇದೆ. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನ್‌ಗಳು ಸುಮಾರು 20 ಸಾವಿರ. ಅವುಗಳಲ್ಲಿ ಒಂದು, ಬರೀ 204 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನಿನ ಸೂತ್ರ, ಈಗ ದ್ವಾರಪಾಲಕ. 1990ರಲ್ಲಿ ಆ ಜೀನನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಆಸ್ಟ್ರೇಲಿಯಾದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದಕ್ಕೆ ವಿರೋಧ. ಜೀನ್ ಇದೆಯೋ ಇಲ್ಲವೋ ಎಂದಷ್ಟೇ ಪರೀಕ್ಷೆ ತಿಳಿಸುತ್ತದೆ, ಅದು ದೇಹದಲ್ಲಿ ಏನು ಮಾಡಿದೆ ಎಂದಲ್ಲ ಎಂಬುದು ಅವರ ವಾದ. ಅಟ್ಲಾಂಟಾದ 3387ರ ಲೆಕ್ಕ ನೋಡಿ ಕೈಬಿಟ್ಟಿದ್ದ ಪರೀಕ್ಷೆಯೇ ಕಾಲು ಶತಮಾನದ ಮೇಲೆ ವಾಪಸ್ಸು ಬಂದಿದೆ.

ಇಷ್ಟೆಲ್ಲ ಅಂಕಿಗಳು ಕೂಡಿ ಹೇಳುವುದು ಒಂದೇ ಮಾತು. ಗೆರೆ ಬೇಕೆನ್ನುವವರೇ ಅದಕ್ಕೆ ಪುರಾವೆ ಒದಗಿಸಬೇಕು. ಹುಡುಗಿಯೊಬ್ಬಳು ತಾನು ಹೆಣ್ಣೆಂದು ಸಾಬೀತು ಮಾಡುವ ಹೊಣೆ ಹೊರಬೇಕಾಗಿಲ್ಲ. ನಿಯಮಕ್ಕೆ ಮೊದಲು ದತ್ತಾಂಶ ಬಹಿರಂಗವಾಗಲಿ, ನಿಯಮಕ್ಕೆ ಸಂಬಂಧವಿಲ್ಲದ ವಿಜ್ಞಾನಿಗಳು ಅದನ್ನು ತಿರುವಿ ನೋಡಲಿ. ಪರೀಕ್ಷೆಯ ಫಲಿತಾಂಶ ಪತ್ರಿಕೆಗೆ ಹೋದರೆ ಹೊರಗೆ ಬಿಟ್ಟವರಿಗೆ ಶಿಕ್ಷೆಯಾಗಲಿ. ಆರೋಗ್ಯವಂತ ದೇಹಕ್ಕೆ ಮಾತ್ರೆಯನ್ನೋ ಕತ್ತರಿಯನ್ನೋ ಪ್ರವೇಶಪತ್ರದ ಬೆಲೆಯಾಗಿ ಕೇಳುವುದು ನಿಲ್ಲಲಿ. ಮುಂದಿನ ಸಲ ಟಿವಿಯಲ್ಲಿ ಹುಡುಗಿಯೊಬ್ಬಳು ಎಲ್ಲರನ್ನೂ ಹಿಂದೆ ಹಾಕಿ ಓಡುವಾಗ ಪಕ್ಕದವರು ಅನುಮಾನದ ಮಾತಾಡಿದರೆ, ಓದುಗರು ಕೇಳಬೇಕಾದದ್ದು ಇಷ್ಟೇ: ಯಾವ ಅಂಕಿಯ ಆಧಾರದ ಮೇಲೆ, ಆ ಅಂಕಿ ಹೇಳಿದವರು ಯಾರು, ಮತ್ತು ಅದು ಕಳೆದ ವರ್ಷ ಎಷ್ಟಿತ್ತು?