ತೆರಿಗೆ ನ್ಯಾಯಮಂಡಳಿಗೆ ಸದಸ್ಯರನ್ನು ಆರಿಸುವವರು ಯಾರು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಆದರೆ ಸುಂಕದವನ ಆದೇಶದ ಮೇಲೆಯೇ ದೂರು ಹೇಳಿಕೊಳ್ಳಲು ಒಂದು ಜಾಗವಿದೆ: 1941ರ ಜನವರಿ 25ರಂದು ಆರಂಭವಾದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಬೆಂಗಳೂರಿನಲ್ಲಿ ಇದರ ಪೀಠಗಳಿವೆ. ಕರಾವಳಿಯಿಂದ ಹೋಗಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿದ ನಮ್ಮವರ, ಅಲ್ಲಿನ ಸೇವಾ ಟ್ರಸ್ಟುಗಳ ತೆರಿಗೆ ವ್ಯಾಜ್ಯ ಬೆಳೆದರೆ ತಲಪುವುದು ಅಲ್ಲಿಗೇ. ಧರ್ಮಾರ್ಥ ಟ್ರಸ್ಟಿನ ನೋಂದಣಿಯನ್ನು ಆಯುಕ್ತರು ನಿರಾಕರಿಸಿದರಂತೂ ಮೊದಲ ಮೇಲ್ಮನವಿಯೇ ಈ ಮಂಡಳಿಗೆ. ನೋಂದಣಿ ಇಲ್ಲವಾದರೆ ಬಡ ಮಕ್ಕಳ ಶಾಲಾ ಶುಲ್ಕಕ್ಕೆಂದು ಬಂದ ದೇಣಿಗೆಗೂ ತೆರಿಗೆ ಬೀಳಬಹುದು. ಸತ್ಯಾಂಶಗಳ ಮಟ್ಟಿಗೆ ಮಂಡಳಿಯ ಮಾತೇ ಕೊನೆಯದು. ಹೈಕೋರ್ಟಿಗೆ ಹೋಗಲು ಕಾನೂನಿನ ಮಹತ್ವದ ಪ್ರಶ್ನೆ ಇರಬೇಕು.

ಹಾಗಾಗಿ ಅಲ್ಲಿ ಕುಳಿತವರು ಯಾರೆಂದು ನಾವು ತಿಳಿದಿರಬೇಕು. ಸಾಮಾನ್ಯವಾಗಿ ಪೀಠದಲ್ಲಿ ಇಬ್ಬರು, ಒಬ್ಬರು ನ್ಯಾಯಾಂಗ ಸದಸ್ಯರು, ಇನ್ನೊಬ್ಬರು ಲೆಕ್ಕಪತ್ರ ಸದಸ್ಯರು. 1961ರ ಕಾಯ್ದೆಯು ವಕೀಲರಿಗೂ ಚಾರ್ಟರ್ಡ್ ಅಕೌಂಟೆಂಟರಿಗೂ 10 ವರ್ಷಗಳ ಅನುಭವ ಕೇಳಿತ್ತು. ಜಯನಗರದ ಅಡ್ಡರಸ್ತೆಯಲ್ಲಿ ಫಲಕ ಹಾಕಿಕೊಂಡ ಲೆಕ್ಕಪರಿಶೋಧಕರೂ ಮುಂದೆ ಪೀಠ ಏರಬಹುದು. ತೆರಿಗೆ ಇಲಾಖೆಯ ಹಿರಿಯ ಅಧಿಕಾರಿಗಳಿಗೂ ಅವಕಾಶವಿದೆ. ಇದು ಕೆಲವರಿಗೆ ಹಿಡಿಸದು. ಪಕ್ಕದಲ್ಲಿ ನ್ಯಾಯಾಂಗ ಸದಸ್ಯರಿರುವ ತನಕ, ಇಲಾಖೆಯ ಒಳಹೊರಗು ಬಲ್ಲವರೊಬ್ಬರಿದ್ದರೆ ಒಳಿತೇ ಎಂಬುದು ನಮ್ಮ ಅನಿಸಿಕೆ. ಇಬ್ಬರಲ್ಲಿ ಒಮ್ಮತ ಬಾರದಿದ್ದರೆ ವಿಷಯ ಮೂರನೆಯವರ ಮುಂದೆ ಹೋಗುತ್ತದೆ.

ಕಗ್ಗಂಟು ಇರುವುದು ನೇಮಕಾತಿಯಲ್ಲಿ. ಪ್ರತಿ ವ್ಯಾಜ್ಯದಲ್ಲೂ ಒಂದು ಕಕ್ಷಿ ಸರಕಾರದ ಇಲಾಖೆ. ನೇಮಕಾತಿ ಆದೇಶವೂ ಸರಕಾರದ್ದೇ. ಈ ಕಾರಣಕ್ಕೇ ಮಂಡಳಿಯನ್ನು ಹಣಕಾಸು ಸಚಿವಾಲಯದ ಕೈಗೆ ಕೊಡದೆ ಕಾನೂನು ಸಚಿವಾಲಯದ ಅಡಿಯಲ್ಲಿ ಇರಿಸಲಾಗಿದೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ನ್ಯಾಯಮೂರ್ತಿ ಅಧ್ಯಕ್ಷರಾಗಿರುವ ಸಮಿತಿ ಅಭ್ಯರ್ಥಿಗಳನ್ನು ಆರಿಸಿ ಶಿಫಾರಸು ಮಾಡುತ್ತದೆ. ಸರಕಾರದ ಇಬ್ಬರು ಕಾರ್ಯದರ್ಶಿಗಳೂ ಅದರಲ್ಲಿರುತ್ತಾರೆ. ಮತಗಳು ಸಮನಾದರೆ ಅಧ್ಯಕ್ಷರ ಮತವೇ ನಿರ್ಣಾಯಕ.

2021ರ ನ್ಯಾಯಮಂಡಳಿ ಸುಧಾರಣಾ ಕಾಯ್ದೆಯು ಕನಿಷ್ಠ ವಯಸ್ಸು 50, ಅಧಿಕಾರಾವಧಿ 4 ವರ್ಷ ಎಂದಿತು. ಪ್ರತಿ ಹುದ್ದೆಗೆ ಸಮಿತಿ 2 ಹೆಸರು ಕಳುಹಿಸಬೇಕೆಂದೂ ಹೇಳಿತು. ಎರಡರಲ್ಲಿ ಒಂದನ್ನು ಆರಿಸುವವರು ಸರಕಾರದವರೇ ಆದರೆ ಸಮಿತಿಗೆ ಉಳಿದದ್ದೇನು? ನಾಲ್ಕೇ ವರ್ಷಕ್ಕಾಗಿ ನಡೆಯುತ್ತಿರುವ ವಕೀಲಿಕೆ ಬಿಟ್ಟು ಬರುವವರಾದರೂ ಎಷ್ಟು ಮಂದಿ? ಹಿಂದೆಯೇ ತಳ್ಳಿಹಾಕಿದ್ದ ನಿಯಮಗಳನ್ನು ಮತ್ತೆ ತಂದದ್ದು ಸಲ್ಲದೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 19ರಂದು ಇವನ್ನು ರದ್ದುಗೊಳಿಸಿ, ರಾಷ್ಟ್ರೀಯ ನ್ಯಾಯಮಂಡಳಿ ಆಯೋಗವೊಂದನ್ನು ರಚಿಸಲು ಸರಕಾರಕ್ಕೆ 4 ತಿಂಗಳ ಗಡುವು ನೀಡಿತು.