ಸುಮ್ಮನೆ ಕೂತರೂ ಮಿದುಳಿಗೆ ಬಿಡುವಿಲ್ಲ

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನರವಿಜ್ಞಾನಿ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಏಕಾಗ್ರತೆ ಬೇಡುವ ಕೆಲಸಕ್ಕೆ ಕೂತಾಗ ಮಿದುಳಿನ ಕೆಲವು ಭಾಗಗಳ ಚಟುವಟಿಕೆ ಏರುವ ಬದಲು ಇಳಿಯುತ್ತಿತ್ತು. ಕೆಲಸ ಮುಗಿದೊಡನೆ ಅವು ಮತ್ತೆ ಚುರುಕಾಗುತ್ತಿದ್ದವು. 2001ರಲ್ಲಿ ಅವರು ಇದಕ್ಕೆ 'ಡೀಫಾಲ್ಟ್ ಮೋಡ್' ಎಂದು ಹೆಸರಿಟ್ಟರು. ಹಳೆಯ ನೆನಪು ಕೆದಕುವುದು, ನಾಳೆಯನ್ನು ಊಹಿಸುವುದು, ಹಗಲುಗನಸು ಕಾಣುವುದು, ಇವೆಲ್ಲ ನಡೆಯುವಾಗ ದುಡಿಯುವುದು ಈ ಭಾಗಗಳೇ. ದೇಹದ ತೂಕದಲ್ಲಿ ಶೇ 2ರಷ್ಟೇ ಇರುವ ಮಿದುಳು ನಾವು ಸುಮ್ಮನಿದ್ದಾಗಲೂ ಸುಮಾರು ಶೇ 20ರಷ್ಟು ಶಕ್ತಿಯನ್ನು ಕಬಳಿಸುತ್ತದೆ.

ಹೀಗೆ ಅಲೆಯುವ ಮನಸ್ಸಿಗೆ ಹೊಸದು ಹೊಳೆಯುತ್ತದೆಯೇ? 2012ರಲ್ಲಿ ಬೆಂಜಮಿನ್ ಬೇರ್ಡ್, ಜೊನಾಥನ್ ಸ್ಕೂಲರ್ ಮತ್ತಿತರರು ಇದನ್ನು ಪರೀಕ್ಷಿಸಿದರು. ದಿನಬಳಕೆಯ ವಸ್ತುವೊಂದನ್ನು ಇನ್ನೇನಕ್ಕೆಲ್ಲ ಬಳಸಬಹುದೆಂದು ಪಟ್ಟಿ ಮಾಡಿಸಿ, ನಡುವೆ ಬಿಡುವು ಕೊಟ್ಟು, ಮತ್ತೆ ಅದೇ ಪ್ರಶ್ನೆ ಕೇಳಿದರು. ಬಿಡುವಿನಲ್ಲಿ ಹಗುರ ಕೆಲಸ ಮಾಡಿದವರ ಅಂಕ ಸುಮಾರು ಶೇ 40ರಷ್ಟು ಏರಿತು. ಕಷ್ಟದ ಕೆಲಸ ಮಾಡಿದವರಲ್ಲಾಗಲಿ, ಏನೂ ಮಾಡದೆ ಕೂತವರಲ್ಲಾಗಲಿ ಅಂಥ ಏರಿಕೆ ಕಾಣಲಿಲ್ಲ. ಇನ್ನೂ ಮುಖ್ಯವಾದದ್ದು, ಹೊಸ ಪ್ರಶ್ನೆಗಳಿಗೆ ಈ ಬಿಡುವಿನಿಂದ ಯಾರಿಗೂ ಲಾಭವಾಗಲಿಲ್ಲ. ಮೊದಲೇ ತಲೆಗೆ ಹಾಕಿಕೊಂಡ ಪ್ರಶ್ನೆಯಷ್ಟೇ ಒಳಗೊಳಗೆ ಮಾಗುತ್ತದೆ ಎಂಬುದು ಇದರ ಸೂಚನೆ.

ಮುಂದಿನ ಕೆಲವು ಅಧ್ಯಯನಗಳಲ್ಲಿ ಈ ಫಲಿತಾಂಶ ಮರುಕಳಿಸಲಿಲ್ಲ. ಹಾಗಾಗಿ ಇದನ್ನು ನಿಯಮವೆನ್ನುವಂತಿಲ್ಲ. ಅಲೆಯುವ ಮನಸ್ಸು ಚಿಂತೆಯ ಸುಳಿಗೆ ಬೀಳುವುದೂ ಉಂಟು. ಆದರೆ ಹಗುರ ಚಟುವಟಿಕೆ ಹೊಸ ಯೋಚನೆಗೆ ನೆರವಾಗುತ್ತದೆ ಎಂಬ ದಿಕ್ಕಿಗೆ ಬೆರಳು ಮಾಡುವ ಬೇರೆ ಪ್ರಯೋಗವೂ ಇದೆ. 2014ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಬೋಳು ಗೋಡೆಗೆ ಮುಖ ಮಾಡಿಸಿ ಟ್ರೆಡ್‌ಮಿಲ್ ಮೇಲೆ ಜನರನ್ನು ನಡೆಸಿದಾಗ, ಕೂತಿದ್ದಾಗಿನದಕ್ಕಿಂತ ಹೆಚ್ಚು ಹೊಸ ಯೋಚನೆಗಳು ಹೊಮ್ಮಿದವು.

ಮೊಬೈಲಿನ ತೊಡಕು ಇಲ್ಲೇ ಇದೆ. ರೀಲ್ಸ್ ನೋಡುವುದು ವಿಶ್ರಾಂತಿಯಂತೆ ಕಂಡರೂ, ಪ್ರತಿ ಸಲ ಬೆರಳು ಸರಿಸಿದಾಗಲೂ ಗಮನ ಹೊರಗಡೆಗೇ ಹರಿಯುತ್ತದೆ. ಬಸ್ಸಿಗೆ ಕಾಯುವಾಗ, ಹಾಲು ಉಕ್ಕುವುದನ್ನು ನೋಡುತ್ತ ನಿಂತಾಗ ಮನಸ್ಸಿಗೆ ಸಿಗುತ್ತಿದ್ದ ಪುಡಿ ಬಿಡುವುಗಳನ್ನೆಲ್ಲ ಪರದೆ ನುಂಗಿಬಿಡುತ್ತದೆ. ಬಿಡಿಸಲಾಗದ ಸಮಸ್ಯೆ ಎದುರಾದರೆ ಮೊದಲು ಅದರೊಡನೆ ಚೆನ್ನಾಗಿ ಗುದ್ದಾಡಿ. ಆಮೇಲೆ ಫೋನನ್ನು ಒಳಗಿಟ್ಟು ಸೊಪ್ಪು ಬಿಡಿಸಿ, ಪಾತ್ರೆ ತೊಳೆಯಿರಿ, ಒಂದು ಸುತ್ತು ನಡೆದು ಬನ್ನಿ. ಗುದ್ದಾಟವಿಲ್ಲದ ಬಿಡುವಿನಿಂದ ಉತ್ತರ ಹುಟ್ಟುವುದಿಲ್ಲ. ಬಿಡುವೇ ಇಲ್ಲದ ಗುದ್ದಾಟ ಅದೇ ಹಳೆಯ ದಾರಿಯಲ್ಲಿ ಸುತ್ತುತ್ತಿರುತ್ತದೆ.